ಶಾಲೆಯ ಕೈಗೆಲಸ, ಕಾಲೇಜಿನ ಜಮೆ

(ಗೋರೆಗಾಂವಿನಲ್ಲಿ ನಡೆದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯೆಯ ವಿಷಯವಾಗಿ ಮಾತನಾಡುವುದಕ್ಕೆ ಪ್ರಾಧ್ಯಾಪಕರನ್ನೋ ಮುಖ್ಯೋಪಾಧ್ಯಾಯರನ್ನೋ ಕರೆಯುವುದು ವಾಡಿಕೆ. ಈ ಸಲ ಸಮಿತಿಯವರು ಬ್ಯಾಂಕಿನ ಗುಮಾಸ್ತನೊಬ್ಬನನ್ನು ಹಿಡಿದು ತಂದು ನಿಲ್ಲಿಸಿದ್ದಾರೆ. ಬಿ.ಕಾಂ. ಓದಿದವನಿಗೂ ಯಂತ್ರವಿದ್ಯೆಗೂ ಏನು ಸಂಬಂಧವೆಂದು ನಾನೂ ಕೇಳಿದೆ. “ನೀವು ಯಂತ್ರದ ವಿಷಯ ಹೇಳುವುದು ಬೇಡ, ಲೆಕ್ಕದ ವಿಷಯ ಹೇಳಿ” ಎಂದರು ಕಾರ್ಯದರ್ಶಿಗಳು. ಹಾಗಾದರೆ ಆದೀತೆಂದು ಒಪ್ಪಿಕೊಂಡೆ. ಜಮೆ ಯಾವುದು, ಖರ್ಚು ಯಾವುದು, ಯಾವ ಖಾತೆಯ ಹಣ ಯಾವ ಖಾತೆಗೆ ಹೋಗುತ್ತದೆ ಎಂಬುದನ್ನು ನೋಡುತ್ತ ದಿನ ಕಳೆಯುವವನು ನಾನು. ಇಂದಿನ ಮಾತೂ ಅದೇ ಜಾತಿಯದು.

ಪ್ರಶ್ನೆ ಇಷ್ಟೆ. ಹತ್ತನೆಯ ತರಗತಿ ಮುಗಿದ ಮೇಲೆ ಹುಡುಗನೋ ಹುಡುಗಿಯೋ ಕೈಗೆಲಸದ ಶಾಲೆಗೆ ಹೋದರೆ, ಅಲ್ಲಿ ಕಳೆದ ವರ್ಷಗಳು ಮುಂದೆ ಕಾಲೇಜಿನ ಲೆಕ್ಕಕ್ಕೆ ಬರುತ್ತವೆಯೆ, ಇಲ್ಲವೆ? ನಮ್ಮ ಮನೆಗಳಲ್ಲಿ ಹೆಚ್ಚಿನವರು “ಇಲ್ಲ” ಎಂದೇ ತಿಳಿದಿದ್ದಾರೆ. ಐ.ಟಿ.ಐ. ಎಂದರೆ ಕಾಲೇಜಿನ ಬಾಗಿಲಿಗೆ ಬೀಗ ಬಿದ್ದಂತೆ. ಡಿಪ್ಲೊಮಾ ಎಂದರೆ ಕಡಿಮೆ ಅಂಕ ಬಂದವರ ದಾರಿ. ಹನ್ನೊಂದನೆಯ ತರಗತಿ, ಸಾಯನ್ಸು, ಕ್ಲಾಸು, ಸಿ.ಇ.ಟಿ. ಇವಿಷ್ಟೇ ರಾಜಮಾರ್ಗ. ಈ ತಿಳಿವಳಿಕೆ ಅರ್ಧ ನಿಜ, ಅರ್ಧ ಸುಳ್ಳು. ಸುಳ್ಳಾದ ಅರ್ಧಕ್ಕೆ ಎಷ್ಟೋ ಮಕ್ಕಳು ವರ್ಷಗಳನ್ನು ತೆತ್ತಿದ್ದಾರೆ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನನ್ನ ಅಕ್ಕನ ಮನೆ ಮಾಲಾಡಿನಲ್ಲಿ. ಭಾವ ಹೋಟೆಲಿನ ಗಲ್ಲಾದಲ್ಲಿ ಕೂರುವವರು. ಅವರ ಮಗ ಎಸ್.ಎಸ್.ಸಿ.ಯಲ್ಲಿ ನೂರಕ್ಕೆ 62 ಅಂಕ ತಂದ. ಹುಡುಗನಿಗೆ ವಿದ್ಯುತ್ತಿನ ಕೆಲಸದ ಹುಚ್ಚು. ಚಾಳಿನಲ್ಲಿ ಯಾರ ಮನೆಯ ಫ್ಯಾನು ನಿಂತರೂ ಅವನೇ ಓಡಬೇಕು. ಐ.ಟಿ.ಐ.ಗೆ ಹೋಗುತ್ತೇನೆಂದು ಹಟ ಹಿಡಿದ. ಅದಕ್ಕೆ ಭಾವ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ನಾನು ಹನ್ನೆರಡು ವರ್ಷಕ್ಕೆ ಮುಂಬಯಿಗೆ ಬಂದು ಟೇಬಲ್ ಒರೆಸಿದವ. ಮಗನಾದರೂ ಕಾಲೇಜಿನ ಮೆಟ್ಟಿಲು ಹತ್ತಲಿ ಅಂತಲೇ ಇಷ್ಟು ವರ್ಷ ಇಲ್ಲಿ ಕೂತದ್ದು. ಈಗ ಅವ ಪಕ್ಕಡ್ ಹಿಡೀತೇನೆ ಅಂತ ಹೇಳ್ತಾನೆ. ನೀನೇ ಹೇಳು ಮಾರಾಯ, ಇದಕ್ಕೆಯಾ ನಾನು ಊರು ಬಿಟ್ಟದ್ದು?”

ಉತ್ತರ ಕೊಡುವುದು ಸುಲಭವಾಗಿರಲಿಲ್ಲ. ಅವರ ಮಾತಿನಲ್ಲಿ ಇಡೀ ಒಂದು ತಲೆಮಾರಿನ ಬೆವರು ಇತ್ತು. ನಾವು ಮುಂಬಯಿಯ ಕನ್ನಡಿಗರು, ಅದರಲ್ಲೂ ಕರಾವಳಿಯ ಕಡೆಯವರು, ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕೂತು ಮೆಟ್ರಿಕ್ ಕಟ್ಟಿದವರ ಮಕ್ಕಳು, ಮೊಮ್ಮಕ್ಕಳು. ಆ ರಾತ್ರಿಶಾಲೆಗಳು ನಡೆಯದೆ ಇದ್ದಿದ್ದರೆ ಇವತ್ತು ಈ ಸಭೆಯಲ್ಲಿ ಕೂತಿರುವ ಅರ್ಧ ಜನ ಇಲ್ಲಿ ಇರುತ್ತಿರಲಿಲ್ಲ. ಆದರೆ ಆ ಕಾಲದಲ್ಲಿ ಒಂದು ಅನ್ಯಾಯವಿತ್ತು. ಹಗಲಿನ ದುಡಿಮೆ ಹಗಲಿಗೇ ಮುಗಿಯಿತು, ರಾತ್ರಿಯ ಓದು ಬೇರೆಯೇ ಆಯಿತು. ಒಂದರ ಲೆಕ್ಕ ಮತ್ತೊಂದಕ್ಕೆ ಸೇರಲಿಲ್ಲ. ಹತ್ತು ವರ್ಷ ಅಡಿಗೆಮನೆಯಲ್ಲಿ ನಿಂತು ನಳಪಾಕ ಕಲಿತವನಿಗೆ ಕಾಲೇಜು ಒಂದು ಅಂಕವನ್ನೂ ಕೊಡಲಿಲ್ಲ. ಕೈ ಕಲಿತದ್ದು ತಲೆಯ ಖಾತೆಗೆ ಜಮೆಯಾಗಬಹುದೆಂಬ ಯೋಚನೆಯೇ ಆಗ ಇರಲಿಲ್ಲ. ಈಗ ಇದೆ. ಅದು ಎಲ್ಲಿ ಇದೆ, ಎಷ್ಟು ಇದೆ ಎಂಬುದನ್ನು ನೋಡೋಣ.

ಭಾವನ ಎದುರಿಗೆ ನಾನು ಒಂದು ಕಾಗದ ತೆಗೆದುಕೊಂಡು ಮೂರು ಸಾಲು ಬರೆದೆ. ಅದನ್ನೇ ತಮ್ಮ ಮುಂದೆಯೂ ಇಡುತ್ತೇನೆ.

ಮೊದಲನೆಯದು ಎಲ್ಲರೂ ಬಲ್ಲ ದಾರಿ. ಹತ್ತನೆಯದಾದ ಮೇಲೆ ಹನ್ನೊಂದು, ಹನ್ನೆರಡು. ಆಮೇಲೆ ನಾಲ್ಕು ವರ್ಷದ ಇಂಜಿನಿಯರಿಂಗ್. ಒಟ್ಟು 6 ವರ್ಷ.

ಎರಡನೆಯದು, ಹತ್ತನೆಯದಾದ ಕೂಡಲೆ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ. ಡಿಪ್ಲೊಮಾ ಮುಗಿಸಿದವನು ಪದವಿ ತರಗತಿಯ ಮೊದಲನೆಯ ವರ್ಷಕ್ಕೆ ಹೋಗಬೇಕಾಗಿಲ್ಲ. ನೇರವಾಗಿ ಎರಡನೆಯ ವರ್ಷಕ್ಕೆ ಸೇರಬಹುದು. ಅಲ್ಲಿ ಮೂರು ವರ್ಷ. ಒಟ್ಟು ಮತ್ತೆ 6 ವರ್ಷವೆ. ಅಂದರೆ ಪಾಲಿಟೆಕ್ನಿಕ್ಕಿನ ಮೂರು ವರ್ಷದಲ್ಲಿ ಹನ್ನೊಂದು, ಹನ್ನೆರಡು, ಮತ್ತು ಕಾಲೇಜಿನ ಒಂದು ವರ್ಷ, ಮೂರೂ ಅಡಗಿ ಕೂತಿವೆ ಎಂದಾಯಿತು. ಹದಿನಾರು ಹದಿನೇಳರ ಹುಡುಗ ವರ್ಕ್‌ಶಾಪಿನಲ್ಲಿ ಅರ ತಿಕ್ಕುತ್ತ ನಿಂತಿರುವಾಗಲೇ ಕಾಲೇಜಿನ ಖಾತೆಯಲ್ಲಿ ಅವನ ಹೆಸರಿಗೆ ಒಂದು ವರ್ಷ ಜಮೆಯಾಗುತ್ತಿರುತ್ತದೆ.

ಮೂರನೆಯದು ನಮ್ಮ ಹುಡುಗ ಬಯಸಿದ ದಾರಿ. ಹತ್ತನೆಯದಾದ ಮೇಲೆ ಐ.ಟಿ.ಐ.ಯಲ್ಲಿ ಎರಡು ವರ್ಷ. ಅದಾದ ಮೇಲೆ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರ ಪ್ರವೇಶ. ಅಲ್ಲಿ ಎರಡು ವರ್ಷ. ಅನಂತರ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶ; ಅಲ್ಲಿ ಮೂರು. ಒಟ್ಟು 7 ವರ್ಷ.

ಆರಕ್ಕೂ ಏಳಕ್ಕೂ ಅಂತರ ಒಂದು. “ಬಾಗಿಲಿಗೆ ಬೀಗ” ಎಂದು ನಾವು ಅಂಜುತ್ತಿದ್ದ ದಾರಿಗೆ ಬೀಳುವ ಹೆಚ್ಚಿನ ವೆಚ್ಚ ಒಂದೇ ಒಂದು ವರ್ಷ. ಅದಕ್ಕೆ ಬದಲಾಗಿ ಸಿಗುವುದೇನು ನೋಡಿ. ಎರಡು ವರ್ಷಕ್ಕೆ ಒಂದು ಪ್ರಮಾಣಪತ್ರ, ನಾಲ್ಕು ವರ್ಷಕ್ಕೆ ಇನ್ನೊಂದು, ಏಳಕ್ಕೆ ಪದವಿ. ನಡುವೆ ಮನೆಯಲ್ಲಿ ಏನೇ ತೊಂದರೆ ಬಂದರೂ, ದೇವರು ಹಾಗೆ ಮಾಡದಿರಲಿ, ಹುಡುಗ ಬರಿಗೈಯಲ್ಲಿ ನಿಲ್ಲುವುದಿಲ್ಲ. ಮೊದಲನೆಯ ದಾರಿಯಲ್ಲಿ ಮೂರನೆಯ ವರ್ಷದಲ್ಲಿ ಓದು ನಿಂತರೆ ಕೈಯಲ್ಲಿ ಉಳಿಯುವುದು ಹನ್ನೆರಡನೆಯ ತರಗತಿಯ ಅಂಕಪಟ್ಟಿ ಮಾತ್ರ. ನಾವು ಬ್ಯಾಂಕಿನವರು ಸಾಲ ಕೊಡುವಾಗ ಇದನ್ನೇ ನೋಡುವುದು: ನಡುದಾರಿಯಲ್ಲಿ ನಿಂತರೆ ಏನು ಉಳಿಯುತ್ತದೆ?

ಈ ಕಾಗದವನ್ನು ಭಾವ ಎರಡು ಸಲ ತಿರುಗಿಸಿ ನೋಡಿದರು. “ಏಳು ವರ್ಷ ಅವ ಓದಿಯಾನಾ?” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗ ಎಲೆಕ್ಟ್ರಿಷಿಯನ್ ಮುಗಿಸಿ ಈಗ ಡಿಪ್ಲೊಮಾದ ಎರಡನೆಯ ವರ್ಷದಲ್ಲಿದ್ದಾನೆ. ಗಣಿತದಲ್ಲಿ ಒಂದು ಕೇಟಿ ಇದೆ. ಗಣಿತದ ವಿಷಯ ಆಮೇಲೆ ಹೇಳುತ್ತೇನೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಕೊಟ್ಟುಬಿಡುತ್ತೇನೆ. ಐ.ಟಿ.ಐ.ಯ ಎಲ್ಲ ಕಸುಬುಗಳಿಗೂ ಈ ಏಣಿ ಇಲ್ಲ. ಎಲೆಕ್ಟ್ರಿಷಿಯನ್, ಫಿಟ್ಟರ್, ಟರ್ನರ್, ಮೆಶಿನಿಸ್ಟ್ ಇವು ಎರಡು ವರ್ಷದವು. ವೆಲ್ಡರ್ ಮೊದಲಾದುವು ಒಂದೇ ವರ್ಷದವು. ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಹೋಗಲು ಎರಡು ವರ್ಷದ ಕಸುಬೇ ಬೇಕು. “ಒಂದು ವರ್ಷ ಉಳಿಯಿತು” ಎಂದು ವೆಲ್ಡರಿಗೆ ಸೇರಿಸಿದವರು ಮುಂದಿನ ಮೆಟ್ಟಿಲು ಇಲ್ಲದೆ ನಿಲ್ಲುತ್ತಾರೆ. ವೆಲ್ಡರನ ಕೆಲಸ ಕಡಿಮೆಯದೆಂದು ನಾನು ಹೇಳುತ್ತಿಲ್ಲ. ನುರಿತ ವೆಲ್ಡರನು ಬ್ಯಾಂಕಿನ ಗುಮಾಸ್ತನಿಗಿಂತ ಹೆಚ್ಚು ಗಳಿಸುವುದನ್ನು ನನ್ನ ಕೌಂಟರಿನಲ್ಲಿಯೇ ಕಂಡಿದ್ದೇನೆ. ಕಾಲೇಜಿನ ಲೆಕ್ಕ ಬೇರೆ ಎಂದಷ್ಟೇ ನನ್ನ ಮಾತು.

ಇನ್ನು ಐ.ಟಿ.ಐ. ಮುಗಿಸಿದವನಿಗೆ ಇಂಜಿನಿಯರಾಗುವ ಮನಸ್ಸಿಲ್ಲ, ಅಂಗಡಿ ಇಡಬೇಕು, ಜೊತೆಗೆ ನನ್ನ ಹಾಗೆ ಬಿ.ಕಾಂ. ಮಾಡಬೇಕು ಎಂದಿಟ್ಟುಕೊಳ್ಳಿ. ಅದಕ್ಕೆ ಹನ್ನೆರಡನೆಯ ತರಗತಿಗೆ ಸಮನಾದ ಪ್ರಮಾಣಪತ್ರ ಬೇಕು. 2016ರಲ್ಲಿ ಕೇಂದ್ರದ ತರಬೇತಿ ನಿರ್ದೇಶನಾಲಯಕ್ಕೂ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಗೂ ಆದ ಒಪ್ಪಂದದ ಪ್ರಕಾರ, ಹತ್ತನೆಯದಾದ ಮೇಲೆ ಎರಡು ವರ್ಷದ ಐ.ಟಿ.ಐ. ಮುಗಿಸಿದವನು ಒಂದು ಭಾಷೆಯಲ್ಲಿಯೂ ಇನ್ನೊಂದು ಪಠ್ಯವಿಷಯದಲ್ಲಿಯೂ ಆ ಸಂಸ್ಥೆಯ ಪರೀಕ್ಷೆ ಕಟ್ಟಿದರೆ ಉಳಿದ ವಿಷಯಗಳ ಲೆಕ್ಕಕ್ಕೆ ಅವನ ಕಸುಬಿನ ಓದನ್ನೇ ಹಿಡಿದು ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ಕೊಡುತ್ತಾರೆ. ವೈರು ಎಳೆದದ್ದು, ಮೋಟಾರು ಸುತ್ತಿದ್ದು ಇವು ಇತಿಹಾಸ, ಭೂಗೋಳಗಳ ಜಾಗದಲ್ಲಿ ಜಮೆಯಾಗುತ್ತವೆ. ನಮ್ಮ ಅಜ್ಜಂದಿರಿಗೆ ದೊರೆಯದೆ ಹೋದದ್ದು ಇದೇ.

ಹನ್ನೊಂದು ಹನ್ನೆರಡನೆಯ ತರಗತಿಯ ಒಳಗೂ ಒಂದು ಮಧ್ಯದ ದಾರಿ ಮಹಾರಾಷ್ಟ್ರದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಬೈಫೋಕಲ್ ಎನ್ನುತ್ತಾರೆ, ಮರಾಠಿಯಲ್ಲಿ ದ್ವಿಲಕ್ಷೀ. ಇಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸಾಯನ್ಸ್, ವಿದ್ಯುತ್ ಉಪಕರಣಗಳ ದುರಸ್ತಿ ಇಂಥ ಒಂದು ಕಸುಬಿನ ವಿಷಯಕ್ಕೆ 200 ಅಂಕ. ಇಂಜಿನಿಯರಿಂಗ್ ಪ್ರವೇಶಕ್ಕೆ ಭೌತಶಾಸ್ತ್ರ, ಗಣಿತ ಕಡ್ಡಾಯ. ಮೂರನೆಯ ವಿಷಯವಾಗಿ ರಸಾಯನಶಾಸ್ತ್ರಕ್ಕೆ ಬದಲು ಇಂಥ ತಾಂತ್ರಿಕ ವಿಷಯದ ಅಂಕಗಳನ್ನು ಹಿಡಿಯಲು ಅವಕಾಶವುಂಟು. ಹಾಗೆಯೇ 1988ರ ಸುಮಾರಿಗೆ ಈ ರಾಜ್ಯದಲ್ಲಿ ಎಂ.ಸಿ.ವಿ.ಸಿ. ಎಂಬ ವೃತ್ತಿ ಶಿಕ್ಷಣಕ್ರಮ ಹುಟ್ಟಿತು. ಅದರಲ್ಲಿ ತೇರ್ಗಡೆಯಾದವರಿಗೂ ಡಿಪ್ಲೊಮಾದ ಎರಡನೆಯ ವರ್ಷದ ಬಾಗಿಲು ತೆರೆದಿತ್ತು.

ಆದರೆ ಬೈಫೋಕಲಿನ ಬೆಲೆ ಏನೆಂಬುದನ್ನು ಕನ್ನಡ ಸಂಘದ ವೇದಿಕೆಯಲ್ಲಿ ನಿಂತು ಹೇಳದೆ ಇರಲಾರೆ. ಆ 200 ಅಂಕಗಳಿಗೆ ಜಾಗ ಮಾಡಿಕೊಡಲು ಎರಡು ವಿಷಯ ಬಿಡಬೇಕು. ಒಂದು ಐಚ್ಛಿಕ ವಿಷಯ. ಇನ್ನೊಂದು ಇಂಗ್ಲಿಷಲ್ಲದ ಎರಡನೆಯ ಭಾಷೆ. ಐ.ಟಿ.ಐ.ಯಲ್ಲಿಯೂ ಪಾಲಿಟೆಕ್ನಿಕ್ಕಿನಲ್ಲಿಯೂ ಮೊದಲೇ ನಮ್ಮ ಭಾಷೆಗೆ ಎಡೆಯಿಲ್ಲ. ಹತ್ತನೆಯ ತನಕ ಹೇಗೋ ಕನ್ನಡ ಓದಿಕೊಂಡು ಬಂದ ಮಗು ಈ ದಾರಿಯಲ್ಲಿ ಕಾಲಿಟ್ಟ ದಿನ ಅದರ ಕನ್ನಡ ಪುಸ್ತಕ ಮುಚ್ಚಿಹೋಗುತ್ತದೆ. ಅದಕ್ಕಾಗಿ ಈ ದಾರಿ ಬೇಡವೆಂದು ನಾನು ಹೇಳೆನು. ಹೊಟ್ಟೆಯ ಪ್ರಶ್ನೆ ಮೊದಲು. ಆದರೆ ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಪ್ರತಿ ನವೆಂಬರಿನಲ್ಲೂ ಮಿಡಿಯುವ ನಾವು, ಅದು ಯಾವ ತರಗತಿಯಲ್ಲಿ, ಯಾವ ಅರ್ಜಿಯ ಯಾವ ಅಂಕಣದಲ್ಲಿ ಕೈಬಿಟ್ಟುಹೋಯಿತೆಂಬುದನ್ನೂ ತಿಳಿದಿರಬೇಕಷ್ಟೆ. ಸಂಘದ ಭಾನುವಾರದ ಕನ್ನಡ ತರಗತಿ ಚಿಕ್ಕ ಮಕ್ಕಳಿಗೆ ಮಾತ್ರವೆಂಬ ಭಾವನೆ ಇದೆ. ಡಿಪ್ಲೊಮಾ ಓದುವ ಹುಡುಗರಿಗೂ ಅಲ್ಲಿ ಒಂದು ಬೆಂಚು ಹಾಕಿಸುವಂತೆ ಅಧ್ಯಕ್ಷರಲ್ಲಿ ಅರಿಕೆ.

ಈಗ ಸ್ವಲ್ಪ ಹೊರನಾಡಿನ ಮಾತು. ನಮ್ಮಲ್ಲಿ ಕೆಲವರ ಅಣ್ಣತಮ್ಮಂದಿರು ಅಮೆರಿಕದಲ್ಲಿದ್ದಾರೆ. “ನನ್ನ ಮಗಳು ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಕ್ರೆಡಿಟ್ ಗಳಿಸಿದಳು” ಎಂದು ಫೋನಿನಲ್ಲಿ ಹೇಳುತ್ತಾರೆ. ಇಲ್ಲಿ ಕೇಳಿದವರಿಗೆ ಅದೇನೋ ಮಾಯೆಯಂತೆ ಕಾಣುತ್ತದೆ. ಮಾಯೆ ಏನೂ ಇಲ್ಲ. ಅಲ್ಲಿ ಕಾಲೇಜಿನ ಪದವಿಯನ್ನು ವರ್ಷಗಳಿಂದ ಅಳೆಯದೆ ಕ್ರೆಡಿಟ್ ಎಂಬ ಚಿಲ್ಲರೆ ನಾಣ್ಯದಿಂದ ಅಳೆಯುತ್ತಾರೆ. ಹೈಸ್ಕೂಲಿನ ಹುಡುಗ ಕಾಲೇಜಿನ ಒಂದು ಪಾಠವನ್ನು ಮೊದಲೇ ಓದಿ ತೇರ್ಗಡೆಯಾದರೆ ಆ ನಾಣ್ಯಗಳು ಅವನ ಹೆಸರಿಗೆ ಬೀಳುತ್ತವೆ. ಕೈಗೆಲಸದ ಶಾಲೆಗೂ ಕಾಲೇಜಿಗೂ ಹೀಗೆ ಸೇತುವೆ ಕಟ್ಟುವುದಕ್ಕೆ ಅಲ್ಲಿ 1990ರ ಪರ್ಕಿನ್ಸ್ ಕಾನೂನಿನಲ್ಲಿ ಹಣವನ್ನೇ ತೆಗೆದಿರಿಸಿದರು: ಹೈಸ್ಕೂಲಿನ ಕಡೆಯ ಎರಡು ವರ್ಷಕ್ಕೆ ಕಮ್ಯುನಿಟಿ ಕಾಲೇಜಿನ ಎರಡು ವರ್ಷವನ್ನು ಹೊಲಿದು ಒಂದೇ ಬಟ್ಟೆಯಾಗಿ ಮಾಡುವ ಏರ್ಪಾಡು. 2011ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಪಿ-ಟೆಕ್ ಎಂಬ ಶಾಲೆ ತೆರೆಯಿತು. ನಗರದ ಶಿಕ್ಷಣ ಇಲಾಖೆ, ಅಲ್ಲಿಯ ಸಿಟಿ ಯೂನಿವರ್ಸಿಟಿ, ಐ.ಬಿ.ಎಂ. ಕಂಪನಿ ಮೂವರೂ ಸೇರಿ ನಡೆಸುವ ಶಾಲೆ. ಒಂಬತ್ತನೆಯ ತರಗತಿಗೆ ಸೇರಿದ ಮಗು ಆರು ವರ್ಷದೊಳಗೆ ಹೈಸ್ಕೂಲಿನ ಪ್ರಮಾಣಪತ್ರವನ್ನೂ ಎರಡು ವರ್ಷದ ಕಾಲೇಜು ಪದವಿಯನ್ನೂ ಕೂಡಿಯೇ ಪಡೆಯಬಹುದು, ಕಾಲೇಜಿನ ಶುಲ್ಕವಿಲ್ಲ. ಅಲ್ಲಿಗೆ ಹೋದವರಲ್ಲಿ ಹೆಚ್ಚಿನವರು ಬಡವರ ಮಕ್ಕಳು.

ನಮ್ಮಲ್ಲಿ ಇಂಥ ಶಾಲೆ ಇಲ್ಲವಲ್ಲ ಎಂದು ಕೊರಗಬೇಕಾಗಿಲ್ಲ. ಹತ್ತನೆಯದಾದ ಮೇಲೆ ಮೂರು ವರ್ಷದ ಪಾಲಿಟೆಕ್ನಿಕ್ ಮಾಡುವುದೂ ಸುಮಾರು ಅದೇ ಕೆಲಸವನ್ನೆ. ಅವರು ಅದನ್ನು ನಾಣ್ಯ ನಾಣ್ಯವಾಗಿ ಎಣಿಸುತ್ತಾರೆ, ನಾವು ಇಡೀ ವರ್ಷದ ನೋಟನ್ನೇ ಕೊಡುತ್ತೇವೆ, ವ್ಯತ್ಯಾಸ ಇಷ್ಟೆ. ನೋಟಿನ ತೊಂದರೆ ಏನೆಂದರೆ ಅದಕ್ಕೆ ಚಿಲ್ಲರೆ ಸಿಗುವುದಿಲ್ಲ. ಡಿಪ್ಲೊಮಾದ ಎರಡು ವರ್ಷ ಓದಿ ಬಿಟ್ಟವನಿಗೆ ಆ ದಾರಿಯಲ್ಲಿ ಕಾಲೇಜು ಅರ್ಧ ವರ್ಷವನ್ನೂ ಕೊಡದು. ಪೂರ್ತಿ ಮಾಡಿದವನಿಗೆ ಮಾತ್ರ ಒಂದು ವರ್ಷ.

ಈ ಚಿಲ್ಲರೆಯ ತೊಂದರೆಯನ್ನು ನೀಗಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಒಂದು ಮಾತು ಬಂತು; 2021ರ ಜುಲೈಯಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ ನಿಯಮವೂ ಬಂತು. ಅದರ ಹೆಸರು ಕೇಳಿದಾಗ ನನ್ನ ಕಿವಿ ನೆಟ್ಟಗಾಯಿತು: ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್. ಬ್ಯಾಂಕೆಂದ ಮೇಲೆ ನಮ್ಮ ಕ್ಷೇತ್ರವೇ ಆಯಿತಲ್ಲ! ವಿದ್ಯಾರ್ಥಿಗೆ ಒಂದು ಖಾತೆ. ಒಂದು ಕಾಲೇಜಿನಲ್ಲಿ ಗಳಿಸಿದ ಕ್ರೆಡಿಟ್ ಅದರಲ್ಲಿ ಜಮೆ. ಬೇರೆ ಕಾಲೇಜಿಗೆ ಹೋದಾಗ ಅದು ಜೊತೆಗೆ ಬರುತ್ತದೆ. ಪದವಿ ಪಡೆಯುವಾಗ ಖಾತೆಯಿಂದ ಖರ್ಚು ಬೀಳುತ್ತದೆ. ಆದರೆ ಈ ಬ್ಯಾಂಕಿನ ಕಟ್ಟಳೆ ನಮ್ಮದರಂತಲ್ಲ. ಖಾತೆದಾರನು ತಾನಾಗಿ ಜಮೆ ಮಾಡುವಂತಿಲ್ಲ, ವಿದ್ಯಾಸಂಸ್ಥೆಯೇ ಮಾಡಬೇಕು. ಬಡ್ಡಿಯಿಲ್ಲ. ಜಮೆಯಾದದ್ದು ಹೆಚ್ಚೆಂದರೆ 7 ವರ್ಷ ಬಾಳುತ್ತದೆ, ಆಮೇಲೆ ಸಲ್ಲದು. ಒಮ್ಮೆ ಖರ್ಚು ಮಾಡಿದ ಕ್ರೆಡಿಟ್ಟನ್ನು ಇನ್ನೊಂದು ಪದವಿಗೆ ತೋರಿಸುವಂತಿಲ್ಲ. ಆ ನಿಯಮದ ಪ್ರಕಾರ ಪದವಿ ಕೊಡುವ ಸಂಸ್ಥೆಯಲ್ಲಿಯೇ ಕನಿಷ್ಠ ಅರ್ಧದಷ್ಟನ್ನು ಗಳಿಸಿರಬೇಕು.

ಅದರ ಬೆನ್ನಿಗೇ 2023ರ ಏಪ್ರಿಲಿನಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಹೊರಟಿತು. ಇದು ಶಾಲೆ, ಕಸುಬು, ಕಾಲೇಜು ಮೂರಕ್ಕೂ ಒಂದೇ ಅಳತೆಗೋಲು ಹಿಡಿದ ಪ್ರಯತ್ನ. 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್. ವರ್ಷಕ್ಕೆ 1200 ಗಂಟೆ, 40 ಕ್ರೆಡಿಟ್. ಪಾಠ ಕೇಳಿದ ಗಂಟೆ ಮಾತ್ರವಲ್ಲ, ಪ್ರಯೋಗಶಾಲೆಯ ಗಂಟೆ, ಕಾರ್ಖಾನೆಯಲ್ಲಿ ನಿಂತು ಕಲಿತ ಗಂಟೆ, ಎಲ್ಲವೂ ಪರೀಕ್ಷೆಗೆ ಒಳಪಟ್ಟಿದ್ದರೆ ಲೆಕ್ಕಕ್ಕೆ ಸೇರುತ್ತವೆ. ಕೈಯ ಗಂಟೆಗೂ ತಲೆಯ ಗಂಟೆಗೂ ಒಂದೇ ಬೆಲೆ ಎಂದು ಸರ್ಕಾರದ ಕಾಗದ ಒಪ್ಪಿದೆಯೆಂಬುದು ಸಣ್ಣ ಮಾತಲ್ಲ.

ಆದರೂ ಇಲ್ಲಿ ಒಂದು ಸೂಕ್ಷ್ಮವುಂಟು, ಪಾಲಕರು ಮೋಸಹೋಗಬಾರದು. ಆ ಚೌಕಟ್ಟಿನಲ್ಲಿ ಮೆಟ್ಟಿಲುಗಳಿವೆ. ಹತ್ತನೆಯ ತರಗತಿ ಮೂರನೆಯ ಮೆಟ್ಟಿಲು, ಹನ್ನೆರಡನೆಯದು ನಾಲ್ಕನೆಯದು, ಪದವಿಯ ಮೊದಲ ವರ್ಷ ನಾಲ್ಕೂವರೆ. ಕೆಳಗಿನ ಮೆಟ್ಟಿಲಲ್ಲಿ ಗಳಿಸಿದ 40 ಕ್ರೆಡಿಟ್ಟನ್ನು ಮೇಲಿನ ಮೆಟ್ಟಿಲಿನ 40ರ ಬದಲಿಗೆ ಕೊಡಲು ಬರುವುದಿಲ್ಲ. ಬೇರೆ ಬೇರೆ ದೇಶದ ನಾಣ್ಯವಿದ್ದ ಹಾಗೆ. ಅಲ್ಲದೆ ಇದು ಚೌಕಟ್ಟು ಮಾತ್ರ. ಆಯಾ ಮಂಡಳಿ, ಆಯಾ ವಿಶ್ವವಿದ್ಯಾಲಯ ಅದನ್ನು ತನ್ನ ನಿಯಮದಲ್ಲಿ ಬರೆದುಕೊಂಡಾಗಲಷ್ಟೇ ಹುಡುಗನ ಕೈಗೆ ಏನಾದರೂ ಬರುವುದು. “ನಮ್ಮಲ್ಲಿ ಸೇರಿಸಿ, ಎಲ್ಲವೂ ಕ್ರೆಡಿಟ್ ಆಗುತ್ತದೆ” ಎಂದು ಬಣ್ಣದ ಕಾಗದ ಹಂಚುವ ತರಗತಿಗಳು ಈಚೆಗೆ ಹುಟ್ಟಿಕೊಂಡಿವೆ. ನಮ್ಮ ನೆರೆಯ ಒಬ್ಬರು ಅಂಥ ಒಂದು ಕಡೆ ಮಗಳಿಗಾಗಿ ಹಣ ಕಟ್ಟಿದರು. ವರ್ಷ ಕಳೆದು ವಿಚಾರಿಸಿದರೆ ಆ ಸಂಸ್ಥೆಗೆ ಜಮೆ ಮಾಡುವ ಅಧಿಕಾರವೇ ಇರಲಿಲ್ಲ. ಚೆಕ್ಕು ಚೆನ್ನಾಗಿಯೇ ಇತ್ತು, ಖಾತೆಯೇ ಇರಲಿಲ್ಲ! ಸೇರುವ ಮೊದಲು ಒಂದೇ ಪ್ರಶ್ನೆ ಕೇಳಬೇಕು: “ಈ ಓದನ್ನು ಲೆಕ್ಕಕ್ಕೆ ಹಿಡಿದು ನೇರವಾಗಿ ಸೇರಿಸಿಕೊಳ್ಳುವ ಮುಂದಿನ ತರಗತಿ ಯಾವುದು, ಆ ನಿಯಮ ಎಲ್ಲಿ ಬರೆದಿದೆ?” ಉತ್ತರ ಬಾಯಿಮಾತಿನಲ್ಲಿ ಬಂದರೆ ಎದ್ದು ಬನ್ನಿ.

ಬರೆದ ನಿಯಮ ಗಟ್ಟಿಯಾಗಿರುವುದು ಸದ್ಯಕ್ಕೆ ನಾನು ಹೇಳಿದ ಆ ಹಳೆಯ ಏಣಿಯಲ್ಲಿಯೇ. ಡಿಪ್ಲೊಮಾದ ಮೊದಲ ವರ್ಷಕ್ಕೆ ಎಸ್.ಎಸ್.ಸಿ. ಅಂಕಗಳ ಮೇಲೆಯೇ ಪ್ರವೇಶ, ಬೇರೆ ಪ್ರವೇಶಪರೀಕ್ಷೆ ಇಲ್ಲ. ಪದವಿಯ ಎರಡನೆಯ ವರ್ಷಕ್ಕೆ ಡಿಪ್ಲೊಮಾದಲ್ಲಿ ನೂರಕ್ಕೆ 45, ಮೀಸಲು ವರ್ಗದವರಿಗೆ 40 ಕನಿಷ್ಠ ಅಂಕ. ಮಹಾರಾಷ್ಟ್ರದಲ್ಲಿ ಇದಕ್ಕೂ ಸಿ.ಇ.ಟಿ. ಬರೆಯಬೇಕಾಗಿಲ್ಲ, ಡಿಪ್ಲೊಮಾದ ಅಂಕಗಳೇ ಸಾಕು. ಊರಿನಲ್ಲಿ ಹಾಗಲ್ಲ, ಕರ್ನಾಟಕದಲ್ಲಿ ಡಿಪ್ಲೊಮಾದವರಿಗೆಂದೇ ಡಿ.ಸಿ.ಇ.ಟಿ. ಎಂಬ ಪರೀಕ್ಷೆ ಇದೆ. ಊರಿಗೂ ಇಲ್ಲಿಗೂ ಮಕ್ಕಳನ್ನು ಓಡಾಡಿಸುವವರು ಇದನ್ನು ಗಮನಿಸಬೇಕು. ಅಜ್ಜಿಯ ಮನೆಯಲ್ಲಿ ಬಿಟ್ಟು ಎಸ್.ಎಸ್.ಎಲ್.ಸಿ. ಮುಗಿಸಿ ಇಲ್ಲಿಗೆ ಕರೆತಂದ ಮಗು ಇಲ್ಲಿಯ ಪ್ರವೇಶದ ಪಟ್ಟಿಯಲ್ಲಿ ಹೊರಗಿನವನಾಗಿಬಿಡುವುದುಂಟು. ತಂದೆತಾಯಿಗಳು ಇಲ್ಲಿ 15 ವರ್ಷ ವಾಸವಾಗಿದ್ದರೆ ಡೊಮಿಸೈಲ್ ಪ್ರಮಾಣಪತ್ರವನ್ನು ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಮಾಡಿಸಿಡಿ; ಜೂನ್ ತಿಂಗಳಲ್ಲಿ ತಹಸೀಲ್ದಾರರ ಕಚೇರಿಯ ಸಾಲಿನಲ್ಲಿ ನಿಂತವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಗೋರೆಗಾಂವಿನಿಂದ ದೂರವೂ ಇಲ್ಲ. ವಿಲೆಪಾರ್ಲೆಯಲ್ಲಿ ಭಗುಭಾಯಿ ಮಫತಲಾಲ್ ಪಾಲಿಟೆಕ್ನಿಕ್, ಬಾಂದ್ರಾದಲ್ಲಿ ಸರ್ಕಾರಿ ಪಾಲಿಟೆಕ್ನಿಕ್, ಕಾಂದಿವಲಿಯಲ್ಲಿ ಠಾಕೂರ್ ಪಾಲಿಟೆಕ್ನಿಕ್. ಹೆಣ್ಣುಮಕ್ಕಳಿಗೆಂದೇ ಜುಹುವಿನಲ್ಲಿ ಎಸ್.ಎನ್.ಡಿ.ಟಿ. ವಿಶ್ವವಿದ್ಯಾಲಯದ ಪ್ರೇಮಲೀಲಾ ವಿಠಲದಾಸ್ ಪಾಲಿಟೆಕ್ನಿಕ್ ಇದೆ. ತಾಯಂದಿರು ದಯಮಾಡಿ ಈ ಹೆಸರನ್ನು ನೆನಪಿಡಬೇಕು. ಮಾಟುಂಗದಲ್ಲಿ ವಿ.ಜೆ.ಟಿ.ಐ. 1887ರಲ್ಲಿ ವಿಕ್ಟೋರಿಯಾ ರಾಣಿಯ ಜುಬಿಲಿಯ ಹೆಸರಿನಲ್ಲಿ ಹುಟ್ಟಿ, 1997ರಲ್ಲಿ ವೀರಮಾತಾ ಜೀಜಾಬಾಯಿಯ ಹೆಸರು ಪಡೆದ ಆ ಸಂಸ್ಥೆಯ ಒಂದೇ ಆವರಣದಲ್ಲಿ ಡಿಪ್ಲೊಮಾವೂ ಪದವಿಯೂ ನಡೆದುಬಂದಿವೆ.

ಈ ಯೋಚನೆ ಕನ್ನಡಿಗರಿಗೆ ಹೊಸದೂ ಅಲ್ಲ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಮನೆಪಾಠ ಹೇಳಿ ಬಿ.ಎ. ಮುಗಿಸಿ, ಪುಣೆಗೆ ಬಂದು ಇಂಜಿನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದವರು; ಹಾಗೆ ನೋಡಿದರೆ ಅವರೂ ಒಂದು ಕಾಲದ ಮುಂಬಯಿ ಪ್ರಾಂತದ ನೌಕರರೆ. ಅಂಥವರು ಎಂಬತ್ತು ದಾಟಿದ ಮೇಲೆ ಹಟ ಹಿಡಿದು ಕಟ್ಟಿಸಿದ್ದು ಕಾಲೇಜನ್ನಲ್ಲ. 1943ರಲ್ಲಿ ಬೆಂಗಳೂರಿನಲ್ಲಿ ತೆರೆದ ಜಯಚಾಮರಾಜೇಂದ್ರ ಔದ್ಯೋಗಿಕ ಶಾಲೆಯನ್ನು, ಇಂದಿನ ಎಸ್.ಜೆ. ಪಾಲಿಟೆಕ್ನಿಕ್ಕೇ ಅದು. ಸ್ವಾತಂತ್ರ್ಯ ಬಂದ ಮೇಲೆ 1952–53ರಲ್ಲಿ ಲಕ್ಷ್ಮಣಸ್ವಾಮಿ ಮುದಲಿಯಾರರ ಆಯೋಗವೂ, ತಾಂತ್ರಿಕ ಶಾಲೆಗಳು ಕಾರ್ಖಾನೆಗಳ ಹತ್ತಿರವೇ ಇರಬೇಕು, ಕೈಗಾರಿಕೆಗಳಿಂದ ಅದಕ್ಕೆಂದು ಒಂದು ಕರ ಎತ್ತಬೇಕು ಎಂದು ಸಲಹೆ ಮಾಡಿತ್ತು. ಕಾರ್ಖಾನೆಗಳು ನಮ್ಮ ಹತ್ತಿರವೇ ಇದ್ದವು. ಗೋರೆಗಾಂವ್ ಪೂರ್ವದ ನಿರ್ಲಾನ್ ಕಾರ್ಖಾನೆಯನ್ನು ಇಲ್ಲಿಯ ಹಿರಿಯರು ಬಲ್ಲರು. ಈಗ ಆ ಜಾಗದಲ್ಲಿ ಗಾಜಿನ ಕಟ್ಟಡಗಳ ನಾಲೆಜ್ ಪಾರ್ಕ್ ಎದ್ದಿದೆ. ಅಲ್ಲಿ ನೂಲು ತೆಗೆಯುವ ಯಂತ್ರಗಳಿಲ್ಲ. ಆದರೆ ಆ ಕಟ್ಟಡಗಳ ಲಿಫ್ಟು, ತಂಪುಯಂತ್ರ, ವಿದ್ಯುತ್ತು ಇವನ್ನೆಲ್ಲ ನೋಡಿಕೊಳ್ಳಲು ಕೈ ಪಳಗಿದವರು ಇವತ್ತೂ ಬೇಕು.

ಕೊನೆಗೆ ಗಣಿತದ ಮಾತು. ಏಣಿ ಇದೆ ಎಂದೆ. ಅದರಲ್ಲಿ ಒಂದು ಮೆಟ್ಟಿಲು ಸಡಿಲವಾಗಿದೆ ಎಂಬುದನ್ನೂ ಹೇಳಬೇಕು. ಹನ್ನೊಂದು ಹನ್ನೆರಡರಲ್ಲಿಯೂ ಪದವಿಯ ಮೊದಲ ವರ್ಷದಲ್ಲಿಯೂ ಮಕ್ಕಳು ಕಲನಶಾಸ್ತ್ರವನ್ನು ಅರೆದು ಕುಡಿದಿರುತ್ತಾರೆ. ಡಿಪ್ಲೊಮಾದಿಂದ ಹಾರಿ ಎರಡನೆಯ ವರ್ಷಕ್ಕೆ ಬಂದವನಿಗೆ ಯಂತ್ರದ ಪಾಠಗಳು ಸುಲಭ, ಉಳಿದವರಿಗೆ ತಾನೇ ಹೇಳಿಕೊಡಬಲ್ಲ. ಆದರೆ ಗಣಿತದ ಮೂರನೆಯ ಪತ್ರಿಕೆ ಎದುರಿಗೆ ಬಂದಾಗ ಕಾಲು ನಡುಗುತ್ತದೆ. ಐ.ಟಿ.ಐ.ಯಿಂದ ಡಿಪ್ಲೊಮಾದ ಎರಡನೆಯ ವರ್ಷಕ್ಕೆ ಬಂದವನ ಪಾಡೂ ಇದೇ. ವರ್ಷ ಜಮೆಯಾಗಿದೆ, ಪಾಠ ಜಮೆಯಾಗಿಲ್ಲ. ನಮ್ಮ ಹುಡುಗನ ಕೇಟಿ ಬಂದದ್ದೂ ಹೀಗೆಯೇ. ಮೇ ತಿಂಗಳ ರಜೆಯಲ್ಲಿ, ಊರಿಗೆ ಹೋಗುವ ಮುಂಚೆ, ಒಂದು ಆರು ವಾರ ಬಿಟ್ಟುಹೋದ ಗಣಿತವನ್ನು ಹೇಳಿಕೊಡುವವರಿದ್ದರೆ ಇದು ನೀಗುವ ತೊಂದರೆಯೇ. ನಮ್ಮ ಸಂಘದ ಸದಸ್ಯರಲ್ಲಿ ನಿವೃತ್ತ ಗಣಿತ ಅಧ್ಯಾಪಕರು ಕಡಿಮೆಯೆಂದರೂ ಮೂವರು ಇದ್ದಾರೆ. ಅವರು ಇಲ್ಲಿ ಮುಂದಿನ ಸಾಲಿನಲ್ಲಿಯೇ ಕೂತಿರುವುದನ್ನು ನೋಡುತ್ತಿದ್ದೇನೆ. ಅವರ ಒಪ್ಪಿಗೆ ಕೇಳದೆಯೇ ಈ ಮಾತು ಹೇಳಿದ್ದಕ್ಕೆ ಕೋಪಿಸಿಕೊಳ್ಳಬಾರದು.

ಮುಂದಿನ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಸಂಘದ ವಾಚನಾಲಯದಲ್ಲಿ ನಾನೂ ನನ್ನ ಇಬ್ಬರು ಮಿತ್ರರೂ ಕೂತಿರುತ್ತೇವೆ. ಮಿತ್ರರಲ್ಲಿ ಒಬ್ಬರು ಡಿಪ್ಲೊಮಾದಿಂದಲೇ ಏರಿ ಇಂಜಿನಿಯರಾದವರು. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿರುವ ಮನೆಯವರು ಮಗುವನ್ನೂ ಕರೆದುಕೊಂಡು ಬನ್ನಿ. ಅದರ ಅಂಕಪಟ್ಟಿ, ಶಾಲೆ ಬಿಟ್ಟ ಪ್ರಮಾಣಪತ್ರವಿದ್ದರೆ ಅದು, ರೇಷನ್ ಕಾರ್ಡು, ಜನನ ಪ್ರಮಾಣಪತ್ರ ಇವುಗಳ ನಕಲು ತನ್ನಿ. ಹೆಸರಿನ ಅಕ್ಷರ ಒಂದರಲ್ಲಿ ಒಂದು ಥರ, ಇನ್ನೊಂದರಲ್ಲಿ ಇನ್ನೊಂದು ಥರ ಇದ್ದರೆ ಅದನ್ನು ಈಗಲೇ ತಿದ್ದಿಸುವುದು ಹೇಗೆಂದೂ ನೋಡೋಣ. ಚಹದ ಏರ್ಪಾಡು ನಮ್ಮ ಭಾವನವರದು.